ಮುನ್ನೂರನೆಯ ಪತ್ರ

ನಿರಸಾವಾನ ಕಷ್ಟಕ್ಕೆಲ್ಲ ಕಾರಣ ಬಾಡಿಗೆ ಕರಾರಿನ ಎರಡನೆಯ ಪುಟದಲ್ಲಿದ್ದ ಒಂದು ಖಾಲಿ ಜಾಗ. "ಉದ್ಯೋಗ ಮತ್ತು ಸಂಸ್ಥೆಯ ಹೆಸರು" ಎಂದು ಅಚ್ಚಾಗಿದ್ದ ಆ ಜಾಗ ಎರಡು ಬೆರಳಿನಷ್ಟು ಉದ್ದವಿತ್ತು. ಎರಡು ವರ್ಷಕ್ಕೊಮ್ಮೆ ಕರಾರು ಹೊಸದಾಗುವಾಗಲೆಲ್ಲ ಅವನು ಅಲ್ಲಿ "ಬರವಣಿಗೆ, ಸ್ವಂತ" ಎಂದು ಸಣ್ಣ ಅಕ್ಷರದಲ್ಲಿ ಬರೆದು ಪಾರಾಗುತ್ತಿದ್ದ. ಈ ಸಲ ಮನೆಯೊಡತಿ ಒಕಿತ್ಸು-ಸಾನ್ ಬೆಳಗ್ಗೆ ಎಂಟಕ್ಕೇ ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತಾರರ ಆಕೆ ಮೆಟ್ಟಿಲು ಹತ್ತಿ ಬಂದರೆಂದರೆ ವಿಷಯ ಸಣ್ಣದಲ್ಲ.

"ನನಗೇನೂ ಇಲ್ಲ ನೋಡಿ, ನಿರಸಾವಾ-ಸಾನ್. ತಿಂಗಳು ತಿಂಗಳು ಬಾಡಿಗೆ ಬರುತ್ತೆ, ನನಗಷ್ಟೇ ಸಾಕು. ಆದ್ರೆ ಬೀದಿಯವರು ಕೇಳ್ತಾರೆ. ಗಂಡಸು, ನಲವತ್ತೊಂದು ವರ್ಷ, ಬೆಳಗ್ಗೆ ಎದ್ದು ಎಲ್ಲಿಗೂ ಹೋಗಲ್ಲ, ಏನ್ ಸಮಾಚಾರ ಅಂತ."

"ನಾನು ಬರೀತೀನಲ್ಲಾ, ಒಕಿತ್ಸು-ಸಾನ್. ಮನೇಲೇ ಕೂತ್ಕೊಂಡು."

"ಅದನ್ನೇ ಹೇಳ್ದೆ. ಏನು ಬರೀತಾರೆ ಅಂದ್ರು. ನನಗೂ ಗೊತ್ತಿಲ್ಲ ಅಂದೆ. ಎಲ್ಲರೂ ಸುಮ್ಮನಾದ್ರು. ಅವರು ಸುಮ್ಮನಾದ ರೀತಿ ನನಗೆ ಸರಿ ಕಾಣ್ಲಿಲ್ಲ."

ಸಂಜೆ ಐದಕ್ಕೆ ಬೀದಿ ಸಂಘದ ಸಭೆಯಿತ್ತು. ಅಲ್ಲಿಗೆ ಬಂದು, ತನ್ನ ಹೆಸರಿರುವ ಒಂದೇ ಒಂದು ಬರಹ ತೋರಿಸಿದರೆ ಸಾಕು, ಅಲ್ಲೇ ಕರಾರಿಗೆ ಮೊಹರು ಒತ್ತಿಕೊಡುತ್ತೇನೆ ಎಂದು ಹೇಳಿ ಒಕಿತ್ಸು-ಸಾನ್ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಇಳಿದುಹೋದರು. ತೋರಿಸದಿದ್ದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಈ ಕೋಣೆ ಸಿಗುವ ಮೊದಲು ನಿರಸಾವಾ ನುಮಾಜು ಊರಿನಲ್ಲಿ ಹನ್ನೊಂದು ಮನೆ ನೋಡಿದ್ದ. ಹನ್ನೊಂದು ಕಡೆಯೂ "ಕಂಪನಿ ಯಾವುದು?" ಎಂಬ ಪ್ರಶ್ನೆಗೆ ಅವನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೋಣೆ ಬೇರೆಯವರಿಗೆ ಹೋಗಿರುತ್ತಿತ್ತು. ಒಕಿತ್ಸು-ಸಾನ್ ಒಬ್ಬರೇ ಕೇಳದೆ ಕೊಟ್ಟವರು. ಇದು ಕೈತಪ್ಪಿದರೆ ಹದಿಮೂರನೆಯ ಮನೆ ಎಲ್ಲಿದೆಯೋ ಅವನಿಗೆ ತಿಳಿಯದು.

ಬರೆದದ್ದೇನೂ ಕಡಿಮೆಯಿರಲಿಲ್ಲ. ಅವನು ಒಂದು ಜಾಲತಾಣದ ಮೂಲಕ ಬೇರೆಯವರ ಪತ್ರಗಳನ್ನು ಬರೆದುಕೊಡುತ್ತಿದ್ದ. ಕ್ಷಮೆ ಕೇಳುವ ಪತ್ರ, ಕೆಲಸ ಬಿಡುವ ಪತ್ರ, ಹುಡುಗಿ ಒಪ್ಪಲಿಲ್ಲವೆಂದು ಹುಡುಗನ ಸೋದರತ್ತೆಗೆ ತಿಳಿಸುವ ಪತ್ರ. ಹವೆ ಹೇಗಿದೆಯೆಂದು ವಿಚಾರಿಸಿ, ಕ್ಷೇಮ ಕೇಳಿ, ತನ್ನ ಅಯೋಗ್ಯತೆಗೆ ನಾಚಿ, ಆಮೇಲೆ ವಿಷಯಕ್ಕೆ ಬರುವ ಆ ದಾರಿಯಲ್ಲಿ ಇತರರು ಎಡವಿ ಬೀಳುವ ಕಡೆ ಅವನು ಚಪ್ಪಲಿ ಹಾಕಿಕೊಂಡು ಹೊರಟವನಂತೆ ಸಲೀಸಾಗಿ ನಡೆಯುತ್ತಿದ್ದ. ತಪ್ಪು ಹಲ್ಲು ಕಿತ್ತ ದಂತವೈದ್ಯನೊಬ್ಬನಿಗೆ ಅವನು ಬರೆದುಕೊಟ್ಟ ಕ್ಷಮಾಪಣೆಯನ್ನು ಓದಿದ ರೋಗಿ ಸರಿಯಾದ ಹಲ್ಲನ್ನೂ ಅಲ್ಲಿಯೇ ಬಂದು ಕೀಳಿಸಿಕೊಂಡನಂತೆ.

ಇಂಥ ಇನ್ನೂರ ತೊಂಬತ್ತೊಂಬತ್ತು ಪತ್ರಗಳಲ್ಲಿ ಒಂದರಲ್ಲೂ ಅವನ ಹೆಸರಿರಲಿಲ್ಲ. ಇರುವಂತೆಯೂ ಇರಲಿಲ್ಲ. ಬರೆಸಿದವರು ಅವನಿಗೆ ಒಂದು ಸಂಖ್ಯೆ, ಅವನು ಅವರಿಗೆ ಒಂದು ಸಂಖ್ಯೆ. ಇದು ನಾನು ಬರೆದದ್ದೆಂದು ಹೊರಗೆ ಬಾಯಿಬಿಟ್ಟರೆ ಖಾತೆ ಅವತ್ತೇ ರದ್ದು. ಆದರೆ ಮುನ್ನೂರು ಮುಟ್ಟಿದವರಿಗೆ ಜಾಲತಾಣ ಆ ಕ್ಷಣವೇ ಒಂದು ಪ್ರಮಾಣಪತ್ರ ಕಳಿಸುತ್ತಿತ್ತು. ಅದರಲ್ಲಿ ನಿಜವಾದ ಹೆಸರು, ಕೆಳಗೆ ಕೆಂಪು ಮೊಹರು. ಸಂಜೆ ಐದರೊಳಗೆ ಇನ್ನೊಂದು ಪತ್ರ ಬರೆದು, ಬರೆಸಿದವರು "ಸ್ವೀಕರಿಸಿದೆ" ಎಂಬ ಗುಂಡಿ ಒತ್ತಿದರೆ ಮನೆ ಉಳಿಯಿತು. ಯಾರಾದರೂ ಕೆಲಸ ಕಳಿಸಲೆಂದು ಕಾಯುತ್ತ ನಿರಸಾವಾ ಗಣಕದ ಮುಂದೆ ಕೂತ.

ಕೂತ ಐದು ನಿಮಿಷಕ್ಕೆ ಕೆಳಮನೆಯ ಫುಕಾಸೆ-ಸಾನ್ ಬಾಗಿಲು ತಟ್ಟಿದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಆಕೆ ಒಂದು ಕಾಲಲ್ಲಿ ಬೂಟು ಹಾಕಿಕೊಂಡೇ ಮಾತಾಡಿದರು.

"ನಮ್ಮಕ್ಕ ಏಡಿ ಕಳಿಸಿದಾಳೆ, ಹತ್ತೂವರೆಗೆ ಪಾರ್ಸೆಲ್ ಬರುತ್ತೆ. ನೀವು ಮನೇಲೇ ಇರ್ತೀರಲ್ಲ, ತಗೊಂಡು ನಿಮ್ಮ ಫ್ರಿಜ್ಜಲ್ಲಿ ಇಟ್ಟಿರಿ."

"ಇವತ್ತು ನನಗೆ ಸ್ವಲ್ಪ ಕೆಲಸ..."

"ಕೆಲಸ ಇದೆಯಾ? ಅಯ್ಯೋ, ಒಳ್ಳೇದಾಯ್ತು ಬಿಡಿ. ಯಾವಾಗಿಂದ ಹೋಗ್ತೀರಿ?" ಎಂದು ನಿಜವಾದ ಸಂತೋಷದಿಂದ ಕೇಳಿ, ಉತ್ತರಕ್ಕೆ ಕಾಯದೆ ಎರಡನೆಯ ಬೂಟು ಹಾಕಿಕೊಂಡು ಅವರು ಬಸ್ಸಿಗೆ ಓಡಿದರು.

ಹತ್ತಕ್ಕೆ ಬೀದಿ ಸಂಘದ ಅಧ್ಯಕ್ಷ ಮೊಚಿಜುಕಿ-ಸಾನ್ ಮನೆಯಿಂದ ಮನೆಗೆ ದಾಟಿಸುವ ಸುತ್ತೋಲೆ ಹಲಗೆ ಹಿಡಿದು ಬಂದರು. ಒಣಮೀನಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ತಮ್ಮ ಪೂರ್ತಿ ಹೊತ್ತನ್ನು ಬೀದಿಗೆ ಕೊಟ್ಟ ಮನುಷ್ಯ. ಹಲಗೆ ಕೊಡುವ ನೆಪದಲ್ಲಿ ನಿರಸಾವಾನ ಭುಜದ ಮೇಲಿಂದ ಕೋಣೆಯನ್ನೊಮ್ಮೆ ನೋಡಿ, ಮಡಚದ ಹಾಸಿಗೆಯ ಹತ್ತಿರ ಕಣ್ಣನ್ನು ತುಸು ಹೊತ್ತು ನಿಲ್ಲಿಸಿದರು.

"ಕಸಕ್ಕೆ ಮುಚ್ಚಿರೋ ಬಲೆ ಕಾಯೋ ಸರದಿ ಇವತ್ತು ಓಹಾಶಿ ಮನೇದು. ಅವರು ಡ್ಯೂಟಿಗೆ ಹೋಗಿದಾರೆ. ಗಾಡಿ ಬರೋವರೆಗೂ ಕಾಗೆ ಮುತ್ತದ ಹಾಗೆ ನೋಡ್ಕೊಳ್ತೀರಾ? ನೀವು ಹೇಗೂ..."

"ಮನೇಲೇ ಇರ್ತೀನಿ," ಎಂದು ನಿರಸಾವಾ ಮುಗಿಸಿದ.

"ನಾನು ಹಾಗನ್ನಲಿಲ್ಲ," ಎಂದರು ಅಧ್ಯಕ್ಷರು. ಅಂದುಕೊಂಡಿದ್ದು ಅದೇ.

ಹೀಗೆ ಬೆಳಗೆಲ್ಲ ಅವನು ಕಡ್ಡಿಪೊರಕೆ ಹಿಡಿದು ಕಾಗೆ ಓಡಿಸಿದ. ಏಡಿ ಬಂದಾಗ ಕಾಗೆಗಳನ್ನು ಬಿಟ್ಟು ಮೇಲೆ ಓಡಿದ. ಏಡಿಯ ಪೆಟ್ಟಿಗೆ ಅವನ ಪುಟ್ಟ ಫ್ರಿಜ್ಜಿಗಿಂತ ದೊಡ್ಡದಿದ್ದುದರಿಂದ ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಹೊರಗಿಟ್ಟು, ಎರಡು ಏಡಿಗಳ ಕಾಲು ಮಡಿಸಿ ಒಳಗೆ ತುರುಕಿ, ಬಾಗಿಲು ಮುಚ್ಚದೆ ಇದ್ದಾಗ ಅದಕ್ಕೆ ಬೆನ್ನು ಕೊಟ್ಟು ನಿಂತ. ಕೆಳಗೆ ಕಾಗೆಗಳು ಓಹಾಶಿ ಮನೆಯವರ ಕಸವನ್ನು ಬೀದಿಯುದ್ದಕ್ಕೂ ಹಂಚಿದ್ದವು. ಗುಡಿಸಿ ಮುಗಿಸುವಷ್ಟರಲ್ಲಿ ಎದುರು ಮನೆಗೆ ಗ್ಯಾಸ್ ತಪಾಸಣೆಯವನು ಬಂದು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎದುರು ಕಟ್ಟಡದ ಮೇಲಿನ ಕೋಣೆಯವರನ್ನು ಕೇಳಬೇಕೆಂದು ಬಾಗಿಲಲ್ಲಿ ಅಂಟಿಸಿದ್ದ ಚೀಟಿ ತೋರಿಸಿದ. ಹಾಗೆ ಬರೆಯುವ ಮೊದಲು ನಿರಸಾವಾನನ್ನು ಯಾರೂ ಕೇಳಿರಲಿಲ್ಲ.

ಹನ್ನೆರಡೂವರೆಗೆ ಗಣಕ ಟಿಣ್ಣೆಂದಿತು. ತುರ್ತು ಕೆಲಸ, ಎರಡರಷ್ಟು ದರ. ನಿರಸಾವಾ ಏಡಿ ಮುಟ್ಟಿದ ಕೈಯನ್ನು ಒರೆಸಿಕೊಂಡು ಓದಿದ.

"ನಮ್ಮಲ್ಲಿ ಒಬ್ಬ ಬಾಡಿಗೆದಾರ. ನಡುವಯಸ್ಸು, ಉದ್ಯೋಗವಿಲ್ಲ. ಹಗಲೆಲ್ಲ ಮನೆಯಲ್ಲೇ. ತನ್ನಷ್ಟಕ್ಕೆ ಮಾತಾಡುತ್ತ ಕೋಣೆಯೊಳಗೆ ತಿರುಗುತ್ತಾನೆ. ಕೆಟ್ಟವನಲ್ಲ, ಹೇಳಿದ್ದು ಮಾಡುತ್ತಾನೆ. ಆದರೂ ಜನಕ್ಕೆ ಒಂಥರಾ. ಮನಸ್ಸು ನೋಯಬಾರದು, ಆದರೆ ತಾನಾಗಿ ಮನೆ ಬಿಡಬೇಕು, ಅಂಥ ಪತ್ರ ಬೇಕು. ಇವತ್ತು ನಾಲ್ಕೂವರೆಗೆ. ಹೆಸರು ಆಮೇಲೆ ನಾವೇ ತುಂಬುತ್ತೇವೆ."

"ಎಂಥೆಂಥಾ ಜನ ಇರ್ತಾರಪ್ಪ," ಎಂದು ನಿರಸಾವಾ ತನ್ನಷ್ಟಕ್ಕೆ ಹೇಳಿಕೊಂಡು ಕೋಣೆಯೊಳಗೆ ತಿರುಗತೊಡಗಿದ.

ಅವನಿಗೆ ಸಂಶಯ ಬರಲಿಲ್ಲವೇ ಎಂದರೆ, ಬರಲಿಲ್ಲ. ಕೋರಿಕೆಯಲ್ಲಿ "ಉದ್ಯೋಗವಿಲ್ಲ" ಎಂದಿತ್ತು. ತನಗೆ ಉದ್ಯೋಗವಿದೆ, ಇನ್ನೂರ ತೊಂಬತ್ತೊಂಬತ್ತು ಮುಗಿದು ಮುನ್ನೂರನೆಯದು ನಡೆಯುತ್ತಿದೆ. ಅಂದಮೇಲೆ ಇವನು ಬೇರೆ ಯಾರೋ, ದೂರದ ಯಾವುದೋ ಊರಿನ ನತದೃಷ್ಟ. ಅವನ ಮೇಲೆ ನಿರಸಾವಾನಿಗೆ ಕನಿಕರ ಹುಟ್ಟಿತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ನಲವತ್ತೋ ಐವತ್ತೋ ಆದ ಮನುಷ್ಯ ಏನಾದರೊಂದು ಕೆಲಸ ಹಿಡಿಯಬಾರದೆ?

ಆದರೆ ಹೋಗೆಂದು ಹೇಳದೆ ಹೋಗುವಂತೆ ಮಾಡುವುದು ಹೇಗೆ? ಮೂರು ಸಲ ಬರೆದು ಮೂರು ಸಲ ಅಳಿಸಿದ. ಮೂರು ಗಂಟೆಯಾಯಿತು. ಅಷ್ಟರಲ್ಲಿ ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದು ಒಂದು ಏಡಿ ಕೆಳಗೆ ಬಿತ್ತು. ಅದನ್ನೆತ್ತಿ ಒಳಗೆ ತುರುಕುವಾಗ ಅವನಿಗೆ ದಾರಿ ಹೊಳೆಯಿತು. ತಪ್ಪನ್ನು ಆ ಮನುಷ್ಯನ ಮೇಲೆ ಹಾಕಬಾರದು, ಬೀದಿಯವರೇ ಹೊತ್ತುಕೊಳ್ಳಬೇಕು. ಮನೆಯಲ್ಲಿರುವವನ ದಿನ ಹೇಗಿರುತ್ತದೆಂಬುದಕ್ಕೆ ತನ್ನ ಬೆಳಗನ್ನೇ ಮಾದರಿಯಾಗಿಟ್ಟುಕೊಂಡ ಮೇಲೆ ಕೈ ನಿಲ್ಲಲಿಲ್ಲ. "ಮೇಪಲ್ ಎಲೆಗಳು ದಿನದಿನಕ್ಕೆ ಕೆಂಪೇರುತ್ತಿರುವ ಈ ಹೊತ್ತಿನಲ್ಲಿ ತಾವು ಕುಶಲವೆಂದು ನಂಬಿದ್ದೇವೆ," ಎಂದು ಶುರುವಾದ ಪತ್ರ, ಎರಡನೆಯ ಪ್ಯಾರಾಕ್ಕೆ ಬರುವಾಗ ಬರೆಯುವವನ ಎದೆಯನ್ನೇ ಹಿಂಡಿತು. ತಾವು ಮನೆಯಲ್ಲಿದ್ದೀರೆಂಬ ಒಂದೇ ಕಾರಣಕ್ಕೆ ನಮ್ಮ ಪಾರ್ಸೆಲ್ಲು, ನಮ್ಮ ಕಾಗೆ, ನಮ್ಮ ಗ್ಯಾಸು ಎಲ್ಲವನ್ನೂ ತಮ್ಮ ಮೇಲೆ ಹೇರಿದೆವು. ನಮ್ಮ ನಡುವೆ ಇರುವಷ್ಟು ದಿನ ತಮಗೆ ತಮ್ಮದೆಂಬ ಒಂದು ಗಳಿಗೆಯೂ ಸಿಗಲಾರದು. ನಮ್ಮನ್ನು ಬದಲಿಸಿಕೊಳ್ಳುವ ಯೋಗ್ಯತೆ ನಮಗಿಲ್ಲ. ನಮ್ಮ ಪರಿಚಯವೇ ಇಲ್ಲದ ಒಂದು ಊರಿನಲ್ಲಿ ತಾವು ಸುಖವಾಗಿರುವುದನ್ನು ಕೇಳಿದರೆ ನಮ್ಮ ನಾಚಿಕೆ ಒಂದಿಷ್ಟು ತಗ್ಗೀತು. ಓದಿ ನೋಡಿದ ನಿರಸಾವಾನಿಗೆ ಕಣ್ಣು ತುಂಬಿ ಬಂತು. ಇದನ್ನೋದಿ ಹೋಗದವನು ಮನುಷ್ಯನೇ ಅಲ್ಲ ಎಂದುಕೊಂಡು ನಾಲ್ಕು ಇಪ್ಪತ್ತೈದಕ್ಕೆ ಕಳಿಸಿದ.

ನಾಲ್ಕೂವರೆಯಾಯಿತು. ನಾಲ್ಕು ಐವತ್ತಾಯಿತು. ಬರೆಸಿದವರು ಗುಂಡಿ ಒತ್ತಲಿಲ್ಲ. ಕೊನೆಗೆ ಫೋನನ್ನೇ ಅಂಗೈಯಲ್ಲಿ ಹಿಡಿದುಕೊಂಡು ಅವನು ಸಭಾಭವನಕ್ಕೆ ನಡೆದ.

ಚಾಪೆಯ ಮೇಲೆ ಹದಿನಾಲ್ಕು ಜನ ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ಚಹಾ, ಒಂದೊಂದು ಕಿತ್ತಳೆ. ಬೀದಿ ದೀಪ, ಚರಂಡಿ ಸ್ವಚ್ಛತೆಯ ಮಾತು ಮುಗಿದ ಮೇಲೆ ಒಕಿತ್ಸು-ಸಾನ್ ಅವನ ಕಡೆ ನೋಡಿದರು. ಅವನು ಫೋನು ನೋಡಿದ. ಏನೂ ಬಂದಿರಲಿಲ್ಲ.

"ಇನ್ನು ಐದು ನಿಮಿಷ," ಎಂದ.

"ಅಷ್ಟರಲ್ಲಿ ನಾನೊಂದು ಓದ್ತೀನಿ," ಎಂದು ಮೊಚಿಜುಕಿ-ಸಾನ್ ಕೋಟಿನ ಜೇಬಿನಿಂದ ಎರಡು ಹಾಳೆ ತೆಗೆದರು. "ನಿರಸಾವಾ-ಸಾನ್ ತಪ್ಪು ತಿಳಿಯಬಾರದು. ಮಧ್ಯಾಹ್ನ ಊಟ ಬಿಟ್ಟು ನಾನೇ ಕೂತು ಬರ್ದೆ." ಗಂಟಲು ಸರಿಮಾಡಿಕೊಂಡರು. "ಮೇಪಲ್ ಎಲೆಗಳು ದಿನದಿನಕ್ಕೆ ಕೆಂಪೇರುತ್ತಿರುವ ಈ ಹೊತ್ತಿನಲ್ಲಿ..."

ನಿರಸಾವಾನಿಗೆ ಮೊದಲು ಅನ್ನಿಸಿದ್ದು, ಈ ಮನುಷ್ಯ ಚೆನ್ನಾಗಿ ಓದುತ್ತಾರೆ ಎಂದು. ಎರಡನೆಯ ವಾಕ್ಯಕ್ಕೆ ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಬಿತ್ತು. ಬಿಸಿಯಿತ್ತು, ಅದು ಅವನಿಗೆ ಆಮೇಲೆ ಗೊತ್ತಾಯಿತು. ಆ ದೂರದ ಊರು ಇದೇ. ಆ ನತದೃಷ್ಟ ತಾನೇ.

ಬಾಯಿಬಿಟ್ಟರೆ ಖಾತೆ ಹೋಗುತ್ತದೆ, ಅನ್ನ ಹೋಗುತ್ತದೆ. ಸುಮ್ಮನಿದ್ದರೆ ಮನೆ ಹೋಗುತ್ತದೆ. ಅನ್ನವನ್ನು ಇನ್ನೊಂದು ಜಾಲತಾಣದಲ್ಲಿ ಹುಡುಕಬಹುದು, ಹದಿಮೂರನೆಯ ಮನೆ ಸಿಗಲಾರದು. ಅವನು ಮಂಡಿಯೂರಿ ಮುಂದೆ ಸರಿದ.

"ಅಧ್ಯಕ್ಷರೇ, ಆ ಪತ್ರ ನಾನು ಬರೆದಿದ್ದು."

"ಏನ್ರೀ ಹಾಗಂದ್ರೆ? ನನ್ನ ಕೈಯಲ್ಲಿದೆ."

"ಪುಟ ತಿರುಗಿಸ್ಬೇಡಿ. ಮುಂದಿನದು ನಾನು ಹೇಳ್ತೀನಿ."

ಅವನು ಕಣ್ಣುಮುಚ್ಚಿ ಶುರುಮಾಡಿದ. ಪಾರ್ಸೆಲ್ಲು ಹೇಳಿದ, ಕಾಗೆ ಹೇಳಿದ, ಗ್ಯಾಸು ಹೇಳಿದ. ಮೊಚಿಜುಕಿ-ಸಾನ್ ಎರಡನೆಯ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದರು. ಬೆರಳು ಎಲ್ಲೂ ತಪ್ಪಲಿಲ್ಲ. ಅವರ ಕಿವಿ ಕೆಂಪಾಗುತ್ತ ಬಂತು. ನಾಚಿಕೆಯ ಮಾತಿಗೆ ಬರುವಾಗ ಹೇಳುವವನ ದನಿ ನಡುಗಿತು, ಏಕೆಂದರೆ ಅದು ನಡುಗಬೇಕಾದ ಜಾಗವೇ. ಮುಗಿದಾಗ ಯಾರೂ ಕಿತ್ತಳೆ ಮುಟ್ಟಲಿಲ್ಲ.

"ಇದೇ ನನ್ನ ಕೆಲಸ," ಎಂದ ನಿರಸಾವಾ. "ಇಂಥದು ಮುನ್ನೂರು ಬರ್ದಿದೀನಿ. ಅದರಿಂದಾನೇ ನಿಮ್ಮ ಬಾಡಿಗೆ ಕಟ್ತಾ ಇರೋದು, ಒಕಿತ್ಸು-ಸಾನ್."

ಫುಕಾಸೆ-ಸಾನ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಚೆನ್ನಾಗಿ ಬರೀತಾರೆ ಅಂತ ಯಾರಿಗೆ ಗೊತ್ತಿತ್ತು. ನಮ್ಮ ಮಾವ ತೀರಿಕೊಂಡಾಗಲೂ ನನಗೆ ಇಷ್ಟು ಅಳು ಬಂದಿರಲಿಲ್ಲ." ಸುತ್ತಲೂ ತಲೆಗಳು ಆಡಿದವು. ಕೆಲಸ ಇದೆಯಂತೆ, ಒಳ್ಳೇ ಕೆಲಸವೇ, ಎಂಬ ಗುಸುಗುಸು ಚಾಪೆಯ ಆ ತುದಿಗೂ ಹೋಗಿ ಈ ತುದಿಗೂ ಬಂತು. ನಿರಸಾವಾನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು.

ಒಕಿತ್ಸು-ಸಾನ್ ಮಾತ್ರ ಕರಾರನ್ನು ಚೀಲದಿಂದ ತೆಗೆಯುವ ಬದಲು, ಎರಡೂ ಅಂಗೈಗಳನ್ನು ಚಾಪೆಗೆ ಊರಿ ಅವನ ಮುಂದೆ ತಲೆಬಾಗಿದರು.

"ಇದನ್ನ ಅಧ್ಯಕ್ಷರು ಬರ್ದಿದ್ರೆ ನಾನು ನಂಬ್ತಿರಲಿಲ್ಲ. ಕರಾರಿಗೆ ಮೊಹರು ಒತ್ತಿಬಿಡ್ತಿದ್ದೆ. ಆದ್ರೆ ನೀವೇ ಬರ್ದಿದೀರಿ. ಇಷ್ಟು ಕಷ್ಟ ಆಗ್ತಿದೆ ಅಂತ ಬಾಯ್ಬಿಟ್ಟು ಹೇಳೋಕೆ ಸಂಕೋಚ, ಅದಕ್ಕೆ ನಮ್ಮ ಬಾಯಲ್ಲಿ ಹೇಳಿಸ್ಬೇಕಾಯ್ತು, ಅಲ್ವಾ? ನಮ್ಮ ನಡುವೆ ನಿಮಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ನನ್ನ ಸ್ವಾರ್ಥಕ್ಕೆ ಇನ್ನೂ ಎರಡು ವರ್ಷ ಕಟ್ಟಿಹಾಕೋದು ಸರಿಯಲ್ಲ."

"ಹಾಗಲ್ಲ, ಅದು ಗಿರಾಕಿ ಕೇಳಿದ್ದಕ್ಕೆ..."

"ನಿಮ್ಮ ದನಿ ನಡುಗಿದ್ದು ಎಲ್ಲರೂ ಕೇಳಿಸ್ಕೊಂಡ್ವಿ," ಎಂದರು ಫುಕಾಸೆ-ಸಾನ್. "ಏಡಿ ವಿಷಯಕ್ಕೆ ನನ್ನನ್ನ ಕ್ಷಮಿಸಿಬಿಡಿ." ಅವರೂ ತಲೆಬಾಗಿದರು. ಒಬ್ಬರನ್ನು ನೋಡಿ ಒಬ್ಬರು, ಹದಿನಾಲ್ಕೂ ಜನ ಚಾಪೆಗೆ ಹಣೆ ತಾಗಿಸಿದರು. ಹದಿನಾಲ್ಕು ಬಾಗಿದ ಬೆನ್ನುಗಳ ಮುಂದೆ, ನಾನು ಇಲ್ಲೇ ಇರುತ್ತೇನೆ ಎಂದು ಹೇಳುವುದು ಹೇಗೆಂದು ನಿರಸಾವಾನಿಗೆ ತಿಳಿಯಲಿಲ್ಲ. ಅದಕ್ಕೆ ತಕ್ಕ ಪತ್ರವನ್ನು ಅವನಿಂದ ಯಾರೂ ಈತನಕ ಬರೆಸಿರಲಿಲ್ಲ. ಬೇರೆ ದಾರಿ ಕಾಣದೆ ಅವನೂ ತಲೆಬಾಗಿದ. ಅಲ್ಲಿಗೆ ಅದು ಒಪ್ಪಿಗೆಯಾಯಿತು.

ಚಪ್ಪಲಿ ಹಾಕಿಕೊಳ್ಳುವಾಗ ಮೊಚಿಜುಕಿ-ಸಾನ್ ಪಕ್ಕಕ್ಕೆ ಬಂದರು. ಕಿವಿಯ ಕೆಂಪು ಇನ್ನೂ ಇಳಿದಿರಲಿಲ್ಲ.

"ಹೊಸ ಮನೆ ಹುಡುಕೋದು ನಿಮ್ಮಂಥವ್ರಿಗೆ ಕಷ್ಟ, ನನಗೆ ಗೊತ್ತು. ಈ ಮನುಷ್ಯ ಒಳ್ಳೆಯವನು, ಬಿಟ್ಟುಕೊಡೋಕೆ ನಮಗೆ ಮನಸ್ಸಿಲ್ಲ ಅಂತ ಸಂಘದಿಂದ ಒಂದು ಶಿಫಾರಸು ಪತ್ರ ಕೊಡ್ತೀನಿ. ನನ್ನ ಮೊಹರು ಇರುತ್ತೆ."

"ತುಂಬಾ ಉಪಕಾರ ಆಯ್ತು, ಅಧ್ಯಕ್ಷರೇ."

"ನಾಳೆ ಬೆಳಗ್ಗೆ ಬರೆದು ತಂದುಬಿಡಿ," ಎಂದರು ಅವರು. "ನಿಮಗೋಸ್ಕರಾನೇ ತಾನೇ, ದುಡ್ಡು ಕೇಳಬೇಡಿ."