ಅತ್ತೆಯನ್ನು ಹೊಸ ಡಿಸ್ಕಿಗೆ ಸಾಗಿಸಿದ್ದು

ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆ ತುಂಬಿಹೋಗಿ ಬಹಳ ಕಾಲವಾಗಿತ್ತು. ಏನು ಮಾಡಹೊರಟರೂ ಜಾಗವಿಲ್ಲವೆಂದು ಕೆಂಪು ಗೆರೆ ತೋರಿಸುತ್ತಿತ್ತು. ಕಾರಣ ನಮ್ಮ ಯಜಮಾನರು. ಅಪಘಾತವಾದ ಕಾರುಗಳನ್ನು ನೋಡಿ ವಿಮೆಯವರಿಗೆ ವರದಿ ಬರೆಯುವುದು ಅವರ ಕೆಲಸ. ಜಜ್ಜಿದ ಬಾಗಿಲು, ಸೊಟ್ಟ ಬಂಪರು, ಒಡೆದ ದೀಪ, ಎಲ್ಲದರ ಫೋಟೋಗಳನ್ನೂ ತಂದು ಡೆಸ್ಕ್‌ಟಾಪಿನ ಮೇಲೆ ಸುರಿಯುತ್ತಾರೆ. ಕಂಪ್ಯೂಟರು ತೆರೆದರೆ ಗುಜರಿ ಅಂಗಡಿ. (ಬೆಳಗಿನ ಮೊದಲ ದರ್ಶನವೇ ಇಂಥದ್ದಾದರೆ ಆ ದಿನ ಹೇಗಿದ್ದೀತು, ನೀವೇ ಹೇಳಿ.)

ನನ್ನದು ಪಕ್ಕದ ಕೋಣೆ. ಅಂದರೆ ಅದೇ ಡಿಸ್ಕಿನಲ್ಲಿ 'ಡಿ' ಎಂಬ ಭಾಗ. ಅದರಲ್ಲಿ ನಾನು ಅತ್ತೆಯ ದನಿಯನ್ನು ಇಟ್ಟಿದ್ದೆ. ಅತ್ತೆ ಹೋಗಿ ವರ್ಷವಾಯಿತು. ಬೆಳಗ್ಗೆ ಅವರು ಹೇಳುತ್ತಿದ್ದ ದೇವರ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ; ಅವರಮ್ಮನ ಬಾಯಿಂದ ಅವರ ಬಾಯಿಗೆ ಬಂದವು. ಅವನ್ನೆಲ್ಲ ಫೋನಿನಲ್ಲಿ ಹಿಡಿದಿದ್ದೆ. "ನನ್ನ ದನಿ ಹಿಡಿದಿಟ್ಟು ಏನು, ಉಪ್ಪಿನಕಾಯಿ ಹಾಕ್ತೀಯೇನೆ?" ಎಂದು ಗೊಣಗಿಕೊಂಡೇ ಹಾಡುತ್ತಿದ್ದರು. ಆ ಫೋನು ಅತ್ತೆಗಿಂತ ಮೊದಲೇ ತೀರಿಕೊಂಡಿತು. ಉಳಿದದ್ದು ಡಿಸ್ಕಿನಲ್ಲಿದ್ದದ್ದು ಮಾತ್ರ. ದಿನವೂ ಅದನ್ನು ಹಚ್ಚಿಕೊಂಡೇ ನಾನು ಪ್ರಾರ್ಥನೆಗೆ ಕೂರುತ್ತಿದ್ದೆ. ದೇವರ ಮುಂದೆ ಅತ್ತೆಯೇ ನನ್ನ ವಕೀಲರು.

ಕೊನೆಗೆ ಯಜಮಾನರು ದೊಡ್ಡದೊಂದು ಹೊಸ ಡಿಸ್ಕು ತಂದರು. ಬಿಸ್ಕತ್ತಿನಷ್ಟೇ ಇತ್ತು, ದೊಡ್ಡದು ಎಂದರೆ ನಂಬಬೇಕು.

"ಅಂಗಡಿಯವನ ಹತ್ರಾನೇ ಬಿಟ್ಟು ಬರೋಣ ಕಣೇ, ಅವನೇ ಬದಲಾಯಿಸ್ತಾನೆ."

"ಅತ್ತೇನ ಅಂಗಡೀಲಿ ಬಿಟ್ಟು ಬರ್ತೀರಾ?"

"ಅಮ್ಮನ್ನಲ್ಲ, ಕಂಪ್ಯೂಟರನ್ನ!"

"ಈಗ ಎರಡೂ ಒಂದೇ ಅಲ್ವಾ?"

ಅವರು ಡಿಸ್ಕನ್ನು ನನ್ನ ಕೈಗೆ ಕೊಟ್ಟರು. (ಅಮ್ಮನ ಹೆಸರೆತ್ತಿದರೆ ಸುಮ್ಮನಾಗುತ್ತಾರೆ. ಅತ್ತೆ ನನಗೆ ಬಿಟ್ಟುಹೋದ ಆಸ್ತಿ ಇದೊಂದೇ.)

ನಾನು ಕಂಪ್ಯೂಟರು ಕಲಿತದ್ದು ಯಾರಿಂದಲೂ ಅಲ್ಲ, ವಿಡಿಯೋ ನೋಡಿ. ಹೇಳುವವರು ಎಷ್ಟು ಹೊತ್ತು ಹೇಳಿದರೂ ಕೇಳುವ ತಾಳ್ಮೆ ನನಗಿದೆ. ವಿಡಿಯೋದವನು ಹೇಳಿದಂತೆ ಹೊಸ ಡಿಸ್ಕನ್ನು ತಂತಿಯಿಂದ ಜೋಡಿಸಿ, ಸಾಗಿಸುವ ತಂತ್ರಾಂಶ ತೆರೆದೆ. ಅದು ಕೇಳಿತು: ಇಡೀ ಡಿಸ್ಕು ಸಾಗಿಸಲೋ, ಆಪರೇಟಿಂಗ್ ಸಿಸ್ಟಂ ಸಾಗಿಸಲೋ?

ನಾನು ಯೋಚಿಸಿದೆ. ಕಂಪ್ಯೂಟರನ್ನೆಲ್ಲ ನಡೆಸುವುದು ಈ ಆಪರೇಟಿಂಗ್ ಸಿಸ್ಟಂ. ಅಂದರೆ ಮನೆಯ ಯಜಮಾನ. ಯಜಮಾನರಿಗೆ ವರ್ಗವಾದಾಗಲೆಲ್ಲ ಪಾತ್ರೆ, ಹಾಸಿಗೆ, ಅತ್ತೆ, ನಾನು, ಎಲ್ಲರೂ ಹಿಂದೆಯೇ ಹೋಗಿರಲಿಲ್ಲವೇ? ಯಜಮಾನ ಹೊರಟರೆ ಸಂಸಾರ ಹೊರಟಂತೆ. ಸಿಸ್ಟಂ ಎಂದು ಒತ್ತಿ, ಕಣ್ಣು ಮುಚ್ಚಿ ದೇವರನ್ನು ನೆನೆದೆ.

ಕೆಲಸ ಸುಸೂತ್ರವಾಗಿ ಮುಗಿಯಿತು. ಹೊಸ ಡಿಸ್ಕನ್ನು ಒಳಗೆ ಕೂರಿಸಿ ಸ್ವಿಚ್ಚು ಹಾಕಿದರೆ, ಕಣ್ಣು ಮಿಟುಕಿಸುವುದರೊಳಗೆ ಗುಜರಿ ಅಂಗಡಿ ಪ್ರತ್ಯಕ್ಷ! ಒಂದು ಬಂಪರೂ ಕಳೆದಿರಲಿಲ್ಲ.

"ಭೇಷ್!" ಎಂದರು ಯಜಮಾನರು. ಮದುವೆಯಾದಮೇಲೆ ಆ ಪದ ಕೇಳಿದ್ದು ಅದೇ ಮೊದಲು. ಅದೇ ನನ್ನ ತಲೆ ಕೆಡಿಸಿತು.

ಹಳೆಯ ಡಿಸ್ಕನ್ನು ನಾದಿನಿಗೆ ಕೊಡುವುದೆಂದು ಮಾತಾಗಿತ್ತು. ಎಷ್ಟು ಬಾಡಿಗೆ ಮನೆ ಬಿಟ್ಟಿದ್ದೇನೋ, ಗುಡಿಸಿ ಒರೆಸದೆ ಯಾರಿಗೂ ಬೀಗದ ಕೈ ಕೊಟ್ಟವಳಲ್ಲ ನಾನು. ಅದರಲ್ಲೂ ನಾದಿನಿ ಧೂಳು ಹುಡುಕುವುದರಲ್ಲಿ ಅಮ್ಮನ ಮಗಳೇ. ಹಳೆಯ ಡಿಸ್ಕನ್ನು ತಂತಿಗೆ ಜೋಡಿಸಿ, ಮೂಲೆಮೂಲೆಯನ್ನೂ ಅಳಿಸಿ, ಕನ್ನಡಿಯಂತೆ ಮಾಡಿಟ್ಟೆ.

ಮರುದಿನ ಪ್ರಾರ್ಥನೆಗೆ ಕೂತು ಅತ್ತೆಯನ್ನು ಹುಡುಕಿದೆ. 'ಡಿ' ಎಂಬ ಕೋಣೆಯೇ ಇಲ್ಲ.

ಯಜಮಾನರು ಅಂಗಡಿಯವನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ಅಕ್ಕಾ, ಸಿಸ್ಟಂ ಒತ್ತಿದ್ರೆ ಸಿಸ್ಟಂ ಇರೋ ಭಾಗ ಮಾತ್ರ ಬರುತ್ತೆ. ಪಕ್ಕದ್ದು ಬರಲ್ಲ. ಇರ್ಲಿ ಬಿಡಿ, ಹಳೇ ಡಿಸ್ಕಲ್ಲಿ ಇದ್ದೇ ಇರುತ್ತಲ್ಲ."

"ಅದನ್ನ ತೊಳೆದಿಟ್ಟೆ."

"ಹಿಂದಿನ ಕಾಲದ ತಿರುಗೋ ಡಿಸ್ಕಾಗಿದ್ರೆ ಏನೋ ಕೆರೆದು ನೋಡಬಹುದಿತ್ತು. ಇದರಲ್ಲಿ ಹೋದ್ರೆ ಹೋಯ್ತಕ್ಕಾ."

ಆಗ ಹೊಳೆಯಿತು. ಯಜಮಾನರು ಊರು ಬದಲಿಸುವಾಗ ಹೊತ್ತದ್ದು ತಮ್ಮ ಬಾಚಣಿಗೆ ಮಾತ್ರ. ಮಿಕ್ಕಿದ್ದೆಲ್ಲ ಹೊತ್ತವಳು ನಾನು. ಸಿಸ್ಟಮ್ಮೂ ಗಂಡಸಿನ ಹಾಗೆ ತಾನೊಬ್ಬನೇ ಕೈಬೀಸಿಕೊಂಡು ಹೋಗಿತ್ತು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಂಪ್ಯೂಟರಿನ ಮುಂದೆ ಕೂತು ತಮ್ಮ ಗುಜರಿಯನ್ನೆಲ್ಲ ಕೆದಕಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಕೂಗಿದರು, "ಏ, ಬಾ ಇಲ್ಲಿ. ಅಮ್ಮ ಸಿಕ್ಕಿದ್ಲು."

ಅದು ವರದಿಗೆಂದು ಅವರು ಯಾವಾಗಲೋ ಹೇಳಿ ದನಿಯಲ್ಲೇ ಹಿಡಿದಿಟ್ಟುಕೊಂಡಿದ್ದ ಟಿಪ್ಪಣಿ. "ಎಡಗಡೆ ಹಿಂದಿನ ಬಾಗಿಲು ಪೂರ್ತಿ ಜಜ್ಜಿದೆ. ಬಂಪರು ರಿಪೇರಿ ಆಗಲ್ಲ..." ಎನ್ನುತ್ತಿರುವಾಗ ಬಾಗಿಲು ಕಿರ್ರೆಂದಿತು. ಚಪ್ಪಲಿ ಎಳೆದ ಸದ್ದು. ಅತ್ತೆ!

"ಕಾರಿನ ಗಾಯ ಬರ್ಕೊಂಡಿದ್ದು ಸಾಕು, ನನ್ನದೂ ಒಂಚೂರು ಬರ್ಕೋ. ನಿನ್ನ ಹೆಂಡ್ತಿ ಇದಾಳಲ್ಲ, ಹೇಳಿದ್ದಕ್ಕೆಲ್ಲ ಹೂಂ ಅಂತ ತಲೆ ಆಡಿಸ್ತಾಳೆ. ಒಳಗೆ ಒಂದೂ ಇಳಿಯಲ್ಲ. ಎದುರು ಮಾತಾಡೋ ಸೊಸೆನೇ ವಾಸಿ ಕಣೋ! ಹಾಡು ಹೇಳಿದ್ರೆ ಫೋನ್ ಹಿಡ್ಕೊಂಡು ನಿಂತ್ಕೋತಾಳೆ. ಒಂದು ಸಾಲಾದ್ರೂ ಕಲ್ತಿದಾಳಾ ಕೇಳು. ಕಲ್ತಿದ್ರೆ ಆ ಡಬ್ಬ ಯಾಕೆ ಬೇಕು?"

ಅಷ್ಟೇ. ಮುಂದೆ ಒಡೆದ ಗಾಜಿನ ವಿಷಯ.

ಯಜಮಾನರು ತಲೆ ಕೆರೆದುಕೊಂಡರು. "ಅಳಿಸಿಬಿಡ್ಲೇನೆ ಇದನ್ನ?"

"ಮುಟ್ಟಿದ್ರೆ ನೋಡಿ!"

ಈಗ ದಿನವೂ ಬೆಳಗ್ಗೆ ಅದನ್ನೇ ಹಚ್ಚಿ ಕೈಮುಗಿದು ಕೂರುತ್ತೇನೆ. ಮೊದಲು ಬಾಗಿಲು, ಬಂಪರು, ಆಮೇಲೆ ನಾನು. ಅತ್ತೆ ಇದ್ದಾಗಲೂ ನನ್ನ ಬೆಳಗು ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತಿತ್ತು.

ನಿನ್ನೆ ಬೈಗುಳ ಮುಗಿದಮೇಲೆ ಧೈರ್ಯ ಮಾಡಿದೆ. ಅಷ್ಟು ವರ್ಷ ಕೇಳಿದ್ದರಲ್ಲಿ ಅರೆಬರೆ ನೆನಪಿದ್ದ ಒಂದು ಸಾಲನ್ನು ಕಣ್ಣು ಮುಚ್ಚಿ, ಗಂಟಲು ಬಿಟ್ಟು ಹಾಡಿದೆ. ಯಜಮಾನರು ಬಚ್ಚಲಿನಿಂದ ಸೋಪಿನ ಮುಖದಲ್ಲೇ ಓಡಿಬಂದರು.

"ಏನಾಯ್ತೇ? ಎಲ್ಲಿ ಗುದ್ದಿದ್ದು?"