ದಾನದ ಕುರ್ಚಿಯ ಹಿಂದಿನ ಕಾಲು

ಚರ್ಚಿನ ಕಮಿಟಿಯಲ್ಲಿ ಯಾವುದರ ಬಗ್ಗೆ ದೂರು ಹೇಳುತ್ತೇವೆಯೋ ಆ ಕೆಲಸ ನಮ್ಮ ಕೊರಳಿಗೇ ಬೀಳುತ್ತದೆ. ಇದು ನನಗೆ ತಿಳಿದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಅಥಣಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದಾಗ. ನಮ್ಮ ಚರ್ಚಿನ ಬೆಂಚುಗಳಿಗೆ ಗೆದ್ದಲು ಹಿಡಿದಿದೆ ಎಂದು ಒಮ್ಮೆ ಬಾಯಿ ತೆರೆದೆ. ಪಾದ್ರಿಗಳು ತಣ್ಣಗೆ, "ಮಾಸ್ತರ, ನಿಮ್ಮ ಕಣ್ಣಿಗೆ ಬಿದ್ದೈತಿ ಅಂದ್ರ ಇನ್ನ ಮ್ಯಾಲ ನೀವ ನೋಡ್ಕೋರಿ" ಎಂದರು.

ನೋಡಿಕೊಂಡೆ. ಬೆಂಚಿನ ಕಾಲುಗಳಿಗೆ ಡಾಂಬರು ಬಳಿದೆ, ಹೆಸರು ಕೆತ್ತುವ ಹುಡುಗರನ್ನು ಗದರಿಸಿದೆ. ಎಲ್ಲಕ್ಕಿಂತ ಹೆಚ್ಚು ಕಾವಲು ಕಾದದ್ದು ವೇದಿಕೆಯ ಮೇಲಿನ ಸಾಗವಾನಿ ಕುರ್ಚಿಯನ್ನು. ಸುಂದರಾಬಾಯಿ ಎಂಬ ಹಿರಿಯರು ತೀರಿಹೋದ ಗಂಡನ ನೆನಪಿಗೆ ಕೊಟ್ಟದ್ದು ಅದು. ಗೌರವಕ್ಕೆಂದು ಅದರಲ್ಲಿ ಯಾರೂ ಕೂಡುತ್ತಿರಲಿಲ್ಲ. ಬಾಯಿಯವರು ಮಾತ್ರ ಪ್ರತಿ ರವಿವಾರ ಬಂದು, ಅದರ ಕೈಯನ್ನು ಸೆರಗಿನಿಂದ ಒರೆಸಿಯೇ ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಒಂದು ಶನಿವಾರ ವೇದಿಕೆಯ ಮೇಲಿನ ಬಲ್ಬು ಬದಲಿಸಲು ಹೋದರೆ ಎಟುಕಲಿಲ್ಲ. ಸುತ್ತ ಯಾರೂ ಇರಲಿಲ್ಲ. ಆ ಕುರ್ಚಿಯನ್ನೇ ಎಳೆದು ಹತ್ತಿದೆ. ಲಟಕ್ಕನೆ ಹಿಂದಿನ ಕಾಲು ಮುರಿಯಿತು. ಕುರ್ಚಿಯ ಜೊತೆ ನಾನೂ ನೆಲಕ್ಕೆ ಬಂದೆ. ಬಲ್ಬು ಮಾತ್ರ ಒಡೆಯಲಿಲ್ಲ.

ಊರಿನ ಬಡಿಗನ ಹತ್ತಿರ ಒಯ್ದರೆ ಊರಿಗೆಲ್ಲ ಗೊತ್ತಾಗುತ್ತದೆಂದು, ಶೇಡಬಾಳದ ಬಡಿಗನಿಗೆ ಕೊಡಲು ಕುರ್ಚಿ ಹೊತ್ತು ಬಸ್ಸು ಹಿಡಿದೆ. ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಕುರ್ಚಿ ಯಾರದ್ರಿ?"

"ದೇವರದು" ಎಂದೆ.

"ಹಂಗಾದ್ರ ಮ್ಯಾಲ ಏರಸ್ರಿ."

ಮರುದಿನ ಬಾಯಿಯವರಿಗೆ, ವಾರ್ನಿಶ್ ಹಚ್ಚಲು ಕೊಟ್ಟಿದ್ದೇನೆ ಎಂದು ಚರ್ಚಿನೊಳಗೇ ನಿಂತು ಸುಳ್ಳು ಹೇಳಿದೆ. ಆ ವಾರ ನಿದ್ದೆಯೂ ಸರಿಯಾಗಿ ಬರಲಿಲ್ಲ. ಮುಂದಿನ ರವಿವಾರದ ಹೊತ್ತಿಗೆ ಕುರ್ಚಿ ಹೊಸ ಕಾಲಿನೊಂದಿಗೆ ತನ್ನ ಜಾಗದಲ್ಲಿತ್ತು. ಬಾಯಿಯವರು ಕುರ್ಚಿಯ ಕೈ ಒರೆಸಿದರು, ಬಗ್ಗಿ ಅದರ ಕಾಲು ನೋಡಿದರು, ಆರಾಧನೆ ಮುಗಿದ ಮೇಲೆ ನನ್ನನ್ನು ಕರೆದರು. ನಾನು ತಡೆಯಲಾರದೆ ಎಲ್ಲವನ್ನೂ ಒಪ್ಪಿಕೊಂಡೆ.

"ನೀವ್ಯಾಕ ಅದರ ಮ್ಯಾಲ ಹತ್ತಿದ್ರಿ ಮಾಸ್ತರ? ನಿಮಗ ಪೆಟ್ಟ ಆಗಿದ್ರ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಅದರ ಕಾಲ ಮದಲ ಮುರದಿತ್ರಿ. ನಮ್ಮವರು ಅಂಟ ಹಚ್ಚಿ ನಿಲ್ಲಿಸಿದ್ರು. ಎರಡ ಸಲ ತಾವ ಬಿದ್ದಿದ್ರು. ಒಗಿಯಾಕ ಮನಸ್ಸ ಬರಲಿಲ್ಲ. ಚರ್ಚಿನ್ಯಾಗಾದ್ರ ಯಾರೂ ಕುಂದ್ರೂದಿಲ್ಲಂತ ಕೊಟ್ಟೆ."

ಇಷ್ಟು ಹೇಳಿ, ಹೊಸ ಕಾಲನ್ನು ಇನ್ನೊಮ್ಮೆ ಮುಟ್ಟಿ ನೋಡಿ, ನಿಧಾನವಾಗಿ ಅದರಲ್ಲಿ ಕುಳಿತರು. ಕುರ್ಚಿ ಅಲುಗಲಿಲ್ಲ. "ಅವರಿಗೂ ಹಿಂಗ ಕುಂದ್ರಾಕ ಆಗಿದ್ರ ಚಲೋ ಇತ್ತು" ಎಂದರು.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಹಂಗಾದ್ರ ನಮ್ಮ ಕಪಾಟನೂ ಚರ್ಚಿಗೆ ಕೊಟ್ಟಬಿಡೂಣ್ರಿ. ಅದರ ಬಾಗಲಾ ಮುಚ್ಚೂದಿಲ್ಲ" ಎಂದಳು.

ನಾನು ಖಡಾಖಂಡಿತವಾಗಿ ಬೇಡವೆಂದೆ. ದೇವರಿಗೆ ಕೆಟ್ಟ ಸಾಮಾನು ಕೊಡಲೊಲ್ಲದ ಗಂಡನಿಗೆ ಎಂಥ ದೈವಭಕ್ತಿ ಎಂದುಕೊಂಡಳೋ ಏನೋ, ಆ ಮಾತು ಬಿಟ್ಟಳು. ನನ್ನ ಚಿಂತೆ ಬೇರೆಯಿತ್ತು. ಮನೆಯಲ್ಲಿದ್ದರೆ ಆ ಬಾಗಿಲನ್ನು ಇನ್ನೂ ಹತ್ತು ವರ್ಷ ಹಾಗೆಯೇ ಬಿಡಬಹುದು. ಚರ್ಚಿಗೆ ಕೊಟ್ಟರೆ ಸರಿಮಾಡಬೇಕಾದವನು ನಾನೇ.