ಕಿಟಕಿ ಕಟ್ಟೆಯ ಬಲಗಡೆ

ಮರ್ರಿ ಟ್ರೆಗೆನ್ಜನ ಮೊಣಕೈ ತುಂಬ ಕೆಂಪು ಚಕ್ಕೆ, ಉರಿ, ತುರಿಕೆ. ಅಡಿಲೇಡಿನ ಡಾಕ್ಟರು ರಕ್ತ ತೆಳುವಾಗಿಸಲು ಹೃದಯದ ರೋಗಿಗಳಿಗೆ ಕೊಡುವ ಮಾತ್ರೆಯನ್ನೇ ಈ ಚರ್ಮರೋಗಕ್ಕೂ ಅವನಿಗೆ ಕೊಟ್ಟು ನೋಡುತ್ತಿದ್ದರು. "ಗಾಯ ಮಾತ್ರ ಮಾಡ್ಕೋಬೇಡಿ, ರಕ್ತ ನಿಲ್ಲೋದು ಕಷ್ಟ" ಎಂದಿದ್ದರು. ಮರ್ರಿಯ ಕಸುಬೋ, ಕುರಿಯ ಉಣ್ಣೆ ಕತ್ತರಿಸುವುದು. ಅಂದಿನಿಂದ ಅವನಿಗೆ ಜೀವ ಕೈಯಲ್ಲಿ ಹಿಡಿದುಕೊಂಡೇ ಬದುಕು.

ಬರೀ ಮಾತ್ರೆ ಅವನ ಗಂಟಲಲ್ಲಿ ಇಳಿಯದು. ಮುದಿ ನಾಯಿ ಟಿಲ್ಲಿಯದೂ ಅದೇ ಹಟ. ಹೀಗಾಗಿ ಹೆಂಡತಿ ನೊರೀನ್ ಅವನ ಮಾತ್ರೆಯನ್ನೂ ನಾಯಿಯ ಸೊಂಟನೋವಿನ ಮಾತ್ರೆಯನ್ನೂ ವೆಜಿಮೈಟ್ ಎಂಬ ಉಪ್ಪುಪ್ಪು ಕರಿ ಲೇಪ ಬಳಿದ ಬ್ರೆಡ್ಡಿನಲ್ಲಿ ಅಡಗಿಸಿ ಕಿಟಕಿ ಕಟ್ಟೆಯ ಮೇಲಿಡುತ್ತಿದ್ದಳು. ಕುರಿಜಿಡ್ಡಿನ ಬೂಟಿಗೆ ಅವಳ ಅಡುಗೆಮನೆಯೊಳಗೆ ಪ್ರವೇಶವಿಲ್ಲ.

"ಬಲಗಡೇದು ನಿಂದು, ಎಡಗಡೇದು ಟಿಲ್ಲೀದು!" ಎಂದು ಅವಳು ಆವತ್ತೂ ಒಲೆಯ ಮುಂದಿನಿಂದ ಕೂಗಿದಳು. ಮರ್ರಿ ಜಗಲಿಯಿಂದಲೇ ಕೈಚಾಚಿ ತನ್ನದನ್ನು ನುಂಗಿ, ನಾಯಿಯದನ್ನು ನಾಯಿಗೆಸೆದು ಹೊರಟ.

ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಜೊತೆಗಾರ ಡಾರ್ಸಿ ಕಾಯುತ್ತಿದ್ದ. "ಏನಪ್ಪಾ, ಇಲಿ ಪಾಷಾಣ ತಿಂದ್ಕೊಂಡ್ ಬಂದ್ಯಾ? ನಿನ್ನ ಮಾತ್ರೇಲಿರೋದೂ ಅದೇ ಮದ್ದು. ಇಲಿಗಳೂ ಹೀಗೇ, ಒಳಗೊಳಗೇ ರಕ್ತ ಸೋರಿ ಸಾಯೋದು."

"ಬಾಯ್ಮುಚ್ಚೋ" ಎಂದು ಮರ್ರಿ ಕತ್ತರಿಯನ್ನು ಮೈಯಿಂದ ಆದಷ್ಟು ದೂರ ಹಿಡಿದ.

ಶೆಡ್ಡಿನ ಅಡುಗೆಯ ಗ್ಲೆನಿಸ್ ಓಡಿಬಂದು, ಗಾಯವಾಗದಿರಲೆಂದು ಅವನ ಎರಡೂ ಕೈಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿದಳು. "ಸಾಯೋದಾದ್ರೆ ಮನೇಲಿ ಸಾಯಿ ಮಾರಾಯ, ಇಲ್ಲಿ ನೆಲ ಒರೆಸೋಳು ನಾನು."

ಬಟ್ಟೆ ಸುತ್ತಿದ ಕೈಗೆ ಹಿಡಿತ ಎಲ್ಲಿಂದ ಬರಬೇಕು? ಟಗರು ಒಮ್ಮೆ ಒದ್ದದ್ದೇ ತಡ, ಕತ್ತರಿ ಜಾರಿ ಮುಂಗೈ ಗೀರಿತು.

"ರಕ್ತ!" ಎಂದು ಕಿರುಚಿ ಮರ್ರಿ ಕುಸಿದ. ಡಾರ್ಸಿ ಬೆಲ್ಟು ಬಿಚ್ಚಿ ತೋಳಿಗೆ ಬಿಗಿದ. ಗ್ಲೆನಿಸ್ ಗಾಯಕ್ಕೆ ಮೈದಾಹಿಟ್ಟು ಸುರಿದಳು. ಅವನನ್ನು ಉಣ್ಣೆಮೂಟೆಯಂತೆ ಗಾಡಿಯ ಹಿಂದೆ ಎಸೆದುಕೊಂಡು ಆಸ್ಪತ್ರೆಗೆ ಹೊರಟರು. "ನೊರೀನ್‌ಗೆ ಹೇಳಿ..." ಎಂದು ಮರ್ರಿ ದಾರಿಯುದ್ದಕ್ಕೂ ಅತ್ತ. ಏನು ಹೇಳಬೇಕೆಂದು ಅವನಿಗೇ ಹೊಳೆಯಲಿಲ್ಲ.

ನರ್ಸ್ ಹಿಲ್ಡಾ ಹಿಟ್ಟು ತೊಳೆದು ನೋಡಿದರೆ ಗೀರು ಆಗಲೇ ಒಣಗಿತ್ತು. ರಕ್ತ ಪರೀಕ್ಷಿಸಿ ಹುಬ್ಬು ಗಂಟಿಕ್ಕಿದಳು. "ತೆಳುವೂ ಇಲ್ಲ ಏನೂ ಇಲ್ಲ. ಮಾತ್ರೆ ತಗೋತಿದ್ದೀರೋ ಇಲ್ವೋ?"

"ಬೈಬಲ್ ಮುಟ್ಟಿ ಹೇಳ್ತೀನಿ, ಒಂದಿನಾನೂ ಬಿಟ್ಟಿಲ್ಲ! ಉರಿ ಹಾಗೇ ಇದೆ, ಬಗ್ಗಿ ಬಗ್ಗಿ ನೋಯ್ತಿದ್ದ ಸೊಂಟ ಮಾತ್ರ ಹಗುರಾಗಿದೆ."

ಮನೆಗೆ ಬಂದರೆ ಜಗಲಿಯಲ್ಲಿ ನೊರೀನ್ ಅಳುತ್ತ ಕೂತಿದ್ದಳು. ಮಡಿಲಲ್ಲಿ ಟಿಲ್ಲಿ. "ಮುಳ್ಳುತಂತಿ ಕಿವಿಗೆ ಒಂಚೂರು ತಾಗಿದ್ದಷ್ಟೇ ಕಣೋ, ಆವಾಗಿಂದ ರಕ್ತ ನಿಲ್ತಾನೇ ಇಲ್ಲ!"

ಮರ್ರಿ ನಾಯಿಯನ್ನು ಎತ್ತಿಕೊಂಡ. ವರ್ಷಗಟ್ಟಲೆ ಕಜ್ಜಿಯಾಗಿದ್ದ ಅದರ ಪಕ್ಕೆ ನುಣ್ಣಗಾಗಿ ಹೊಸ ಕೂದಲು ಬಂದಿತ್ತು. ಅವನು ಕಿಟಕಿಯತ್ತ ನೋಡಿದ. ಒಳಗೆ ನಿಂತವಳ ಬಲಗಡೆ, ಹೊರಗೆ ನಿಂತವನ ಎಡಗಡೆ.

"ಬೂಟು ಬೂಟು ಅನ್ನೋ ನಿನ್ನ ಕಾಟದಿಂದ ನನ್ನ ನಾಯೀನ ಕೊಂದ್ಯಲ್ಲೇ!" ಎಂದು ಹೆಂಡತಿಯ ಮೇಲೆ ಕೂಗಿದ.

ಪಶುವೈದ್ಯ ಮಾತ್ರ ಗಾಬರಿಯಾಗಲಿಲ್ಲ. ಇಲಿ ಪಾಷಾಣ ತಿಂದ ನಾಯಿಗಳನ್ನು ದಿನಾ ನೋಡುವವನು, ಸೂಜಿ ಚುಚ್ಚಿ ಉಳಿಸಿಕೊಟ್ಟ.

ಅಡಿಲೇಡಿನ ಡಾಕ್ಟರು ಫೋನಿನಲ್ಲಿ ನಕ್ಕರು. "ಔಷಧ ಚರ್ಮಕ್ಕೆ ಕೆಲಸ ಮಾಡುತ್ತೆ ಅಂತಾದ್ರೂ ಗೊತ್ತಾಯ್ತಲ್ಲ! ನಾಳೆಯಿಂದ ನೀವು ಶುರು ಮಾಡಿ. ಗಾಯ ಮಾತ್ರ ಮಾಡ್ಕೋಬೇಡಿ."

"ನಾಳೆ ಬೂಟು ಬಿಚ್ಚಿ ಒಳಗೇ ಬಾ" ಎಂದಳು ನೊರೀನ್. "ನಾನೇ ಬಾಯಿಗೆ ಹಾಕ್ತೀನಿ."

ಮರ್ರಿ ಮೊಣಕೈ ಕೆರೆದುಕೊಂಡ. ಇಷ್ಟು ದಿನ ಹೆದರಿದ್ದೆಲ್ಲ ದಂಡವಾಗಿತ್ತು. ಇನ್ನು ಮೊದಲಿನಿಂದ ಹೆದರಬೇಕು, ಅದೂ ಮರಳಿ ಬರುವ ಸೊಂಟನೋವಿನ ಜೊತೆಗೆ.